ಕ್ನೂಟ್ ನೆಲ್ಸನ್ ಬಗ್ಗೆ ತಿಳಿದವರು ಇದ್ದೀರಾ? ಮಗನ ಪ್ರಾಜೆಕ್ಟ್‌ಗೆ ಬೇಕಿತ್ತು

ಕೊಪ್ಪದಹುಡುಗಿ:

ಎಲ್ಲರಿಗೂ ನಮಸ್ಕಾರ. ನಾವಿರೋದು ಮಿನೆಸೋಟಾದಲ್ಲಿ. ಮಗನ ಶಾಲೆಯಲ್ಲಿ ಈ ರಾಜ್ಯಕ್ಕೆ ವಲಸೆ ಬಂದ ಒಬ್ಬರ ಬಗ್ಗೆ ಬರೆದು, ತರಗತಿ ಮುಂದೆ ಮಾತಾಡಬೇಕು ಅಂತ ಹೇಳಿದ್ದಾರೆ. ಅವನು ಆರಿಸಿಕೊಂಡಿದ್ದು ಕ್ನೂಟ್ ನೆಲ್ಸನ್‌ನ. ಸೇಂಟ್ ಪಾಲ್‌ನಲ್ಲಿ ಕ್ಯಾಪಿಟಲ್ ಕಟ್ಟಡದ ಮುಂದೆ ಅವನ ಕಂಚಿನ ಪ್ರತಿಮೆ ಇದೆ. ಪ್ರತಿಮೆಯ ಒಂದು ಪಕ್ಕ ಹುಡುಗನ ಜೊತೆ ನಿಂತ ತಾಯಿ, ಇನ್ನೊಂದು ಪಕ್ಕ ಸೈನಿಕ. ಮಗನಿಗೆ ಆ ತಾಯಿ ಮಗನನ್ನ ನೋಡಿಯೇ ಇಷ್ಟ ಆಗಿಬಿಟ್ಟಿದೆ.

ನನಗೆ ಎರಡು ವಿಷಯ ಗೊತ್ತಾಗಬೇಕು. ಒಂದು, ನಾರ್ವೆಯಿಂದ ಬರಿಗೈಲಿ ಬಂದವನು, ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದವನು, 24ನೇ ವಯಸ್ಸಿಗೇ ವಿಧಾನಸಭೆಗೆ ಆರಿಸಿ ಬಂದಿದ್ದು ಹೇಗೆ? ನಾವು ಗ್ರೀನ್ ಕಾರ್ಡ್‌ಗೇ ಕಾದು ಕಾದು ಸುಸ್ತಾಗಿದ್ದೀವಿ. ಎರಡು, ಮಗನ ತರಗತಿಯಲ್ಲಿ ಒಜಿಬ್ವೆ ಅನ್ನೋ ಇಲ್ಲಿನ ಮೂಲನಿವಾಸಿ ಜನಾಂಗದ ಒಬ್ಬಳು ಹುಡುಗಿ ಇದ್ದಾಳೆ. "ಇವನ ಹೆಸರಿನ ಕಾನೂನಿನಿಂದಲೇ ನಮ್ಮವರ ಜಮೀನು ಹೋಗಿದ್ದು" ಅಂತ ಅವಳು ಹೇಳಿದ ಮೇಲೆ ಮಗ ಮಂಕಾಗಿ ಕೂತಿದ್ದಾನೆ. ಬೇರೆ ಯಾರನ್ನಾದರೂ ಆರಿಸಿಕೊಳ್ಳೋದು ಒಳ್ಳೇದಾ?

ನೀಲಗಿರಿತೋಪು:

ಮೊದಲು ಇಸವಿಗಳನ್ನ ಕೊಟ್ಟುಬಿಡ್ತೀನಿ, ಮಗನಿಗೆ ಕೆಲಸಕ್ಕೆ ಬರುತ್ತೆ. ಹುಟ್ಟಿದ್ದು 1843, ನಾರ್ವೆಯ ವೋಸ್ ಸೀಮೆಯ ಎವಾಂಗರ್‌ನಲ್ಲಿ. ಅಮೆರಿಕಕ್ಕೆ ಬಂದಿದ್ದು 1849. ಸೇನೆಯಲ್ಲಿ 1861ರಿಂದ 1864. ವಿಸ್ಕಾನ್ಸಿನ್ ವಿಧಾನಸಭೆಯಲ್ಲಿ 1868 ಮತ್ತು 1869. ಮಿನೆಸೋಟಾ ರಾಜ್ಯ ಸೆನೆಟ್‌ನಲ್ಲಿ 1875ರಿಂದ 1878. ಆಮೇಲೆ ಮೂರು ಅವಧಿಗೆ ಸಂಸತ್ತಿನ ಕೆಳಮನೆ, 1893ರಲ್ಲಿ ಗವರ್ನರ್, 1895ರಿಂದ 1923ರಲ್ಲಿ ಸಾಯುವವರೆಗೂ ಅಮೆರಿಕದ ಸೆನೆಟರ್. ಸ್ಕ್ಯಾಂಡಿನೇವಿಯಾ ಮೂಲದವರಲ್ಲಿ ಗವರ್ನರ್ ಆದ ಮೊದಲಿಗ ಇವನೇ.

ಪ್ರಾಜೆಕ್ಟ್ ಬದಲಿಸಿ ಅಂತಲೇ ನನ್ನ ಸಲಹೆ. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಮಿಷಿಗನ್ ವಿಧಾನಸಭೆಗೆ ಹೋಗಿ, ಅಲ್ಲಿಂದ 2023ರಲ್ಲಿ ಸಂಸತ್ತಿಗೆ ಹೋದರು. ಅಂಥವರ ಬಗ್ಗೆ ಬರೆದರೆ ಹುಡುಗನಿಗೂ ಹತ್ತಿರ ಅನ್ನಿಸುತ್ತೆ.

ಸರ್ವೆತಾತ:

ಬದಲಿಸಬೇಡಿ ತಾಯಿ. ಆ ಹುಡುಗಿ ಹೇಳಿದ್ದು ನಿಜ. ಅದನ್ನೂ ಸೇರಿಸಿಯೇ ನಿಮ್ಮ ಮಗ ಮಾತಾಡಲಿ.

ನಾನು ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿದು ಹೊಲ ಅಳೆದು ನಿವೃತ್ತನಾದವನು. ಮಗಳು ಮಿನೆಸೋಟಾದ ಅಲೆಕ್ಸಾಂಡ್ರಿಯಾ ಹತ್ತಿರ ಇರೋದರಿಂದ ಬೇಸಿಗೆ ಪೂರ್ತಿ ಅಲ್ಲೇ ಕಳೀತೀನಿ. ನೆಲ್ಸನ್ ಮನೆ ಇರೋದು ಅದೇ ಊರಲ್ಲಿ. ಜಮೀನಿನ ಕಾಗದ ನೋಡಿ ನೋಡಿ ಬೆಳೆದ ಕಣ್ಣು ನನ್ನದು, ಈ ಮನುಷ್ಯನ ಬದುಕನ್ನ ಓದಿದಾಗಲೂ ಮೊದಲು ಕಂಡಿದ್ದು ಜಮೀನೇ.

ಕಥೆ ಶುರುವಾಗೋದು ತಾಯಿಯಿಂದ. ಇಂಗೆಬ್ಯೋರ್ಗ್ ಅಂತ ಹೆಸರು. ಮದುವೆ ಇಲ್ಲದೆ ಹುಟ್ಟಿದ ಮಗು, ಆ ಕಾಲದ ನಾರ್ವೆಯ ಹಳ್ಳಿ. ನಾಲ್ಕು ಜನರ ಬಾಯಿಗೆ ಬಿದ್ದ ಹೆಂಗಸಿನ ಪಾಡು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆರ್ಗೆನ್ ಪಟ್ಟಣದಲ್ಲಿ ಮನೆಗೆಲಸ ಮಾಡಿದಳು, ಹಡಗಿನ ಖರ್ಚಿಗೆ ಸಾಲ ಎತ್ತಿದಳು, ಆರು ವರ್ಷದ ಹುಡುಗನ ಕೈ ಹಿಡಿದು 1849ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಇಳಿದಳು. ಅಲ್ಲಿಂದ ಕಾಲುವೆ, ಸರೋವರ ದಾಟಿ ಶಿಕಾಗೋ. ಆ ವರ್ಷ ಶಿಕಾಗೋದಲ್ಲಿ ಕಾಲರಾ. ಅಲ್ಲೂ ಅವಳಿಗೆ ಮನೆಗೆಲಸವೇ ಗತಿ, ಹುಡುಗ ಬೀದಿಯಲ್ಲಿ ಪತ್ರಿಕೆ ಮಾರಿದ. ಮರುವರ್ಷ ತಾಯಿ ವೋಸ್ ಕಡೆಯವನೇ ಒಬ್ಬ ರೈತನನ್ನ ಮದುವೆಯಾಗಿ ವಿಸ್ಕಾನ್ಸಿನ್‌ಗೆ ಹೋದಳು. ಹುಡುಗನಿಗೆ ನೆಲ್ಸನ್ ಅನ್ನೋ ಹೆಸರು ಬಂದಿದ್ದು ಆ ಮಲತಂದೆಯಿಂದ. ಪ್ರತಿಮೆ ಮಾಡಿದವರು ತಾಯಿಗೂ ಜಾಗ ಕೊಟ್ಟಿದ್ದಾರಲ್ಲ, ಅದು ನನಗೆ ಬಹಳ ಹಿಡಿಸಿದೆ.

ಈಗ ನಿಮ್ಮ ಮೊದಲ ಪ್ರಶ್ನೆ. ಗುಂಡೇಟು ತಿಂದಿದ್ದಕ್ಕೇ ಓಟು ಬಿತ್ತು ಅಂತ ಬರೆಯೋರು ಇದ್ದಾರೆ. ನನ್ನ ಲೆಕ್ಕದಲ್ಲಿ ಅದು ಅರ್ಧವೂ ಅಲ್ಲ. ವಿಸ್ಕಾನ್ಸಿನ್‌ನ 1848ರ ಸಂವಿಧಾನದ ಪ್ರಕಾರ, ಹೊರದೇಶದಿಂದ ಬಂದ ಬಿಳಿಯ ಗಂಡಸು ಒಂದು ವರ್ಷ ಅಲ್ಲಿ ನೆಲೆಸಿ "ನಾನು ಅಮೆರಿಕದ ಪ್ರಜೆಯಾಗ್ತೀನಿ" ಅಂತ ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕು, ಓಟು ಹಾಕಬಹುದಿತ್ತು. ಪೌರತ್ವ ಕೈಗೆ ಬಂದಿರಬೇಕಾಗಿಯೇ ಇರಲಿಲ್ಲ. ಮಿನೆಸೋಟಾದಲ್ಲೂ 1896ರವರೆಗೆ ಹೆಚ್ಚುಕಮ್ಮಿ ಇದೇ ನಿಯಮ. ಹಾಗಾಗಿ ಡೇನ್ ಕೌಂಟಿಯಲ್ಲಿ ನಾರ್ವೆಯ ರೈತರು ಊರೂರೇ ತುಂಬಿದ್ದರು, ಅವರೆಲ್ಲ ಮತದಾರರು. ಅವರ ನಡುವೆ ಇಂಗ್ಲಿಷ್ ಕಾನೂನು ಓದಿಕೊಂಡು, ನಾರ್ವೇಜಿಯನ್‌ನಲ್ಲಿ ಮಾತಾಡಿಸಬಲ್ಲ ಹುಡುಗ ಇವನು. ಮ್ಯಾಡಿಸನ್‌ನಲ್ಲಿ ವಿಲಿಯಂ ವಿಲಾಸ್ ಅನ್ನೋ ವಕೀಲರ ಕೈಕೆಳಗೆ ಕಲಿತು 1867ರಲ್ಲಿ ವಕೀಲಿಕೆಗೆ ಇಳಿದ, ಅದೇ ವರ್ಷ ಚುನಾವಣೆ ಗೆದ್ದ. ಈ ವಿಲಾಸ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರ್ತಾರೆ.

ನಿಮ್ಮ ಗ್ರೀನ್ ಕಾರ್ಡ್ ಸಂಕಟಕ್ಕೂ ಇದಕ್ಕೂ ಅಜಗಜಾಂತರ ಯಾಕೆ ಅಂದರೆ ಇದೇ. ಅವನಿಗೆ ಬಾಗಿಲು ತೆಗೆದಿತ್ತು. ಯಾಕೆ ತೆಗೆದಿತ್ತು ಅಂತಲೂ ಕೇಳಬೇಕು. ಆ ರಾಜ್ಯಗಳಿಗೆ ಜನ ಬೇಕಿತ್ತು, ಜನ ಬಂದು ಕೂರೋದಕ್ಕೆ ಜಮೀನು ಬೇಕಿತ್ತು.

1871ರಲ್ಲಿ ಅವನು ಅಲೆಕ್ಸಾಂಡ್ರಿಯಾಕ್ಕೆ ಬಂದ. ಅಲ್ಲೊಂದು ಸರ್ಕಾರಿ ಭೂ ಕಚೇರಿ. ಸುತ್ತಲಿನ ನೆಲವನ್ನೆಲ್ಲ ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ ಅಳೆದಿದ್ದರು, ಒಂದೊಂದರಲ್ಲಿ 36 ಸೆಕ್ಷನ್, ಸೆಕ್ಷನ್‌ಗೆ 640 ಎಕರೆ. ಅದರ ಕಾಲು ಭಾಗ, 160 ಎಕರೆ, ಒಬ್ಬ ರೈತನಿಗೆ. ಅದೇ ಹೋಮ್‌ಸ್ಟೆಡ್. ಅರ್ಜಿ ಹಾಕಿ, ಐದು ವರ್ಷ ಅಲ್ಲೇ ಬಾಳಿ, ಉತ್ತು, ಮನೆ ಕಟ್ಟಿ, ಸಾಕ್ಷಿ ಕರೆತಂದು ರುಜುವಾತು ಮಾಡಿದರೆ ಪತ್ರ. ನಮ್ಮಲ್ಲಿ ಬಗರ್‌ಹುಕುಂ ಅರ್ಜಿ ಹಿಡಿದು ತಾಲೂಕು ಕಚೇರಿ ಮುಂದೆ ಕೂರ್ತಾರಲ್ಲ, ಹಾಗೇ ಇತ್ತು ಅಲ್ಲಿನ ನೋಟ. ಒಂದೇ ತುಂಡಿಗೆ ಇಬ್ಬರು ಅರ್ಜಿ ಹಾಕೋದು, ರೈಲ್ವೆ ಕಂಪನಿಗೆ ಕೊಟ್ಟ ನೆಲದ ಮೇಲೆ ಗೊತ್ತಿಲ್ಲದೆ ಗುಡಿಸಲು ಕಟ್ಟಿಕೊಳ್ಳೋದು, ಇಂಗ್ಲಿಷ್ ಬಾರದೆ ತಪ್ಪು ಕಾಗದಕ್ಕೆ ಸಹಿ ಹಾಕೋದು, ಇವೆಲ್ಲ ದಿನನಿತ್ಯದ ಗೋಳು. ಆ ಕೇಸುಗಳನ್ನ ನಡೆಸುತ್ತಿದ್ದವನು ನೆಲ್ಸನ್. ಒಬ್ಬ ರೈತನ 160 ಎಕರೆ ಉಳಿಸಿಕೊಟ್ಟ ವಕೀಲನನ್ನ ಆ ಮನೆಯವರು ಮರೀತಾರಾ? ರಾಜ್ಯ ಸೆನೆಟ್‌ಗೆ ಅವನನ್ನ ಕಳಿಸಿದ್ದು ಈ ಮನೆಗಳು. ಅಲ್ಲಿ ಅವನ ದೊಡ್ಡ ಹೋರಾಟ ರೈಲಿಗಾಗಿ. 1873ರ ಹಣಕಾಸು ಕುಸಿತದಲ್ಲಿ ಹಳಿ ಮೆಲ್ರೋಸ್‌ನಲ್ಲೇ ನಿಂತುಹೋಗಿತ್ತು, ಗೋಧಿ ಬೆಳೆದವನು ಗಾಡಿ ಕಟ್ಟಿಕೊಂಡು ಅಲ್ಲಿತನಕ ಹೋಗಬೇಕಿತ್ತು. 1878ರಲ್ಲಿ ಅಲೆಕ್ಸಾಂಡ್ರಿಯಾಕ್ಕೆ ರೈಲು ಬಂತು.

ಎರಡನೇ ಪ್ರಶ್ನೆಗೆ ನಾಳೆ ಬರೀತೀನಿ. ಅದನ್ನ ಅವಸರದಲ್ಲಿ ಬರೆಯೋ ಹಾಗಿಲ್ಲ.

ಮಡಿಕೇರಿಮಂಜು:

ಸರ್ವೆತಾತ, ನೀವು ಯುದ್ಧವನ್ನ ಬಹಳ ಕಮ್ಮಿ ಮಾಡಿಬಿಟ್ಟಿರಿ. ನಮ್ಮ ಮನೆಯಲ್ಲಿ ಮೂರು ತಲೆಮಾರು ಫೌಜಿನಲ್ಲಿದ್ದವರು, ನನಗೆ ಇದನ್ನ ಹಾಗೇ ಬಿಡೋಕೆ ಮನಸ್ಸಿಲ್ಲ.

ನಾರ್ವೆಯವರದ್ದೇ ಒಂದು ರೆಜಿಮೆಂಟ್ ಇತ್ತು, ಹೆಗ್ ಅನ್ನೋ ಕರ್ನಲ್‌ನ 15ನೇ ವಿಸ್ಕಾನ್ಸಿನ್. ನೆಲ್ಸನ್ ಇದ್ದದ್ದು ಅದರಲ್ಲಿ ಅಲ್ಲ. ಆಲ್ಬಿಯನ್ ಅಕಾಡೆಮಿಯಲ್ಲಿ ಓದುತ್ತಿದ್ದವನು ಯುದ್ಧ ಶುರುವಾದ ಕೂಡಲೇ ಸಹಪಾಠಿಗಳ ಜೊತೆ ಹೋಗಿ 4ನೇ ವಿಸ್ಕಾನ್ಸಿನ್‌ಗೆ ಸೇರಿದ. ಎಲ್ಲ ಕಡೆಯವರೂ ಇದ್ದ ಪಡೆ ಅದು. ಒಂದೇ ಡೇರೆಯಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ಉಂಡ ಮೇಲೆ ಯಾರೂ ಅವನನ್ನ ಹೊರಗಿನವನು ಅನ್ನೋ ಹಾಗಿರಲಿಲ್ಲ. ನಾರ್ವೆಯವರ ಓಟು ಮಾತ್ರ ಸಾಕಾಗಿದ್ದರೆ ಅವನು ಆ ಕೌಂಟಿಯಲ್ಲೇ ಉಳೀತಿದ್ದ, ಗವರ್ನರ್ ಆಗ್ತಿರಲಿಲ್ಲ.

ಅವನಿಗೆ ಗುಂಡೇಟು ಬಿದ್ದದ್ದು ಪೋರ್ಟ್ ಹಡ್ಸನ್‌ನಲ್ಲಿ. ಅದು ಲೂಸಿಯಾನಾದಲ್ಲಿ ಮಿಸಿಸಿಪಿ ನದಿ ದಂಡೆಯ ಕೋಟೆ, ಆಗ ಬಂಡೆದ್ದ ದಕ್ಷಿಣದವರ ಕೈಯಲ್ಲಿತ್ತು. 1863ರ ಮೇ 22ರಿಂದ ಜುಲೈ 9ರವರೆಗೆ, 48 ದಿನ ಮುತ್ತಿಗೆ. ಅಲ್ಲೇ ಮೇ 27ರಂದು ಲೂಸಿಯಾನಾದ ಕಪ್ಪು ಸೈನಿಕರ ದಳ ಏರಿ ಹೋಗಿ, ಕಪ್ಪು ಜನ ಯುದ್ಧ ಮಾಡಲಾರರು ಅಂದವರ ಬಾಯಿ ಮುಚ್ಚಿಸಿತ್ತು. 4ನೇ ವಿಸ್ಕಾನ್ಸಿನ್‌ನ ಕರ್ನಲ್ ಬೀನ್ ಮರೆಗುಂಡಿಗೆ ಸತ್ತಿದ್ದ. ಜೂನ್ 14ರ ಬೆಳಗಿನ ಜಾವ ಮತ್ತೊಂದು ದಾಳಿ. ಮುಂಚೂಣಿಯಲ್ಲಿ ಹೋದದ್ದು ಇವನ ರೆಜಿಮೆಂಟ್ ಮತ್ತು 8ನೇ ನ್ಯೂ ಹ್ಯಾಂಪ್‌ಶೈರ್. ಹಿಂದಿನವರು ಕಂದಕ ತುಂಬೋಕೆ ಹತ್ತಿ ಮೂಟೆ ಹೊತ್ತು ಬರ್ತಿದ್ದರು. ನೆಲ್ಸನ್‌ಗೆ ತೊಡೆಗೆ ಗುಂಡು ಬಿತ್ತು, ಶತ್ರುವಿನ ಕೈಗೆ ಸಿಕ್ಕ. ಎಷ್ಟೋ ಗಾಯಾಳುಗಳು ಎರಡು ಸಾಲಿನ ಮಧ್ಯೆ ಲೂಸಿಯಾನಾದ ಬಿಸಿಲಿನಲ್ಲಿ ನೀರಿಲ್ಲದೆ ಬಿದ್ದಿದ್ದರು, ಅವರನ್ನ ಎತ್ತೋಕೆ ಜನರಲ್ ಬ್ಯಾಂಕ್ಸ್ ಕದನವಿರಾಮ ಕೇಳೋದರಲ್ಲೇ ದಿನಗಳು ಹೋದವು. ಕೋಟೆಯ ಒಳಗಾದರೂ ಊಟ ಎಲ್ಲಿತ್ತು? ಹೇಸರಗತ್ತೆ ಮಾಂಸ, ಕೊನೆಗೆ ಇಲಿ. ಕೋಟೆ ಶರಣಾದ ಮೇಲೇ ಅವನು ಬಿಡುಗಡೆಯಾಗಿದ್ದು. ಆಗ ಅವನಿಗೆ 20 ವರ್ಷ. ದಯವಿಟ್ಟು ಮಗನ ಪ್ರಾಜೆಕ್ಟ್‌ನಲ್ಲಿ ಇದಕ್ಕೆ ಒಂದು ಪೂರ್ತಿ ಪುಟ ಕೊಡಿ.

ಸರ್ವೆತಾತ:

ಮಂಜು ಅವರೇ, ಡೇರೆಯ ಮಾತು ಒಪ್ಪಿದೆ. ಆ ಪುಟ ಇರಲೇಬೇಕು. ಜಮೀನಿಗೂ ಯುದ್ಧಕ್ಕೂ ನಂಟಿದೆ ಅಂತ ಸೇರಿಸ್ತೀನಿ: ಹೋಮ್‌ಸ್ಟೆಡ್‌ನ ಐದು ವರ್ಷದಲ್ಲಿ ಸೈನ್ಯದ ವರ್ಷಗಳನ್ನ ಕಳೆದುಕೊಡೋ ಕಾನೂನು 1872ರಲ್ಲಿ ಬಂತು. ಗೌರವದಿಂದ ಸೇನೆ ಬಿಟ್ಟ ವಲಸಿಗನಿಗೆ ಬೇಗ ಪೌರತ್ವ ಕೊಡೋ ಕಾನೂನು 1862ರದ್ದು.

ಈಗ ಆ ಹುಡುಗಿಯ ಮಾತಿಗೆ ಬರ್ತೀನಿ.

1889ರ ಜನವರಿ 14ರಂದು ನೆಲ್ಸನ್ ಕಾಯ್ದೆ ಜಾರಿಗೆ ಬಂತು. ಆಗ ಅವನು ಸಂಸತ್ತಿನ ಕೆಳಮನೆಯ ಸದಸ್ಯ. ಒಳಾಡಳಿತ ಖಾತೆ ಅನ್ನಬಹುದಾದ, ಭೂಮಿ ಮತ್ತು ಮೂಲನಿವಾಸಿಗಳ ವಿಚಾರ ನೋಡಿಕೊಳ್ಳೋ ಖಾತೆಯ ಮಂತ್ರಿ ಯಾರು ಗೊತ್ತಾ? ಅದೇ ವಿಲಾಸ್, ಅವನಿಗೆ ಕಾನೂನು ಕಲಿಸಿದವರು. ಮಿನೆಸೋಟಾದ ಒಜಿಬ್ವೆ ಜನರನ್ನ ಸಾಧ್ಯವಾದಷ್ಟು ವೈಟ್ ಅರ್ತ್ ಅನ್ನೋ ಅವರದೇ ಮೀಸಲು ಪ್ರದೇಶಕ್ಕೆ ಸಾಗಿಸೋದು, ಒಬ್ಬೊಬ್ಬರ ಹೆಸರಿಗೆ ನೆಲ ತುಂಡು ಮಾಡಿ ಹಂಚೋದು, ಉಳಿದದ್ದು "ಹೆಚ್ಚುವರಿ" ಅಂತ ಮಾರೋದು, ಇದು ಕಾಯ್ದೆಯ ಹೂರಣ. ವ್ಯವಸಾಯದ ನೆಲಕ್ಕೆ ಎಕರೆಗೆ ಒಂದೂಕಾಲು ಡಾಲರ್. ಪೈನ್ ಕಾಡು ಹರಾಜಿಗೆ. ಅವರ ಸಮ್ಮತಿ ಬೇಕು ಅಂತ ಕಾಯ್ದೆಯಲ್ಲೇ ಬರೆದಿತ್ತು, ಸಹಿ ಪಡೆಯೋಕೆ ಹೆನ್ರಿ ರೈಸ್ ನೇತೃತ್ವದ ಆಯೋಗ ಊರೂರು ತಿರುಗಿತು. ಓದು ಬಾರದವನ ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರಗಳನ್ನ ನಾನು ಸೇವೆಯಲ್ಲಿ ಬೇಕಾದಷ್ಟು ನೋಡಿದ್ದೀನಿ. ಸಮ್ಮತಿ ಅನ್ನೋದು ಕಾಗದದಲ್ಲಿ ಎಷ್ಟು ಸುಲಭ ಅಂತ ನನಗೆ ಗೊತ್ತು.

ರೆಡ್ ಲೇಕ್ ಅನ್ನೋ ಇನ್ನೊಂದು ಮೀಸಲು ಪ್ರದೇಶದ ಒಜಿಬ್ವೆಯವರು ಮಾತ್ರ ಹಂಚಿಕೆಗೆ ಒಪ್ಪಲಿಲ್ಲ. ಸುಮಾರು 29 ಲಕ್ಷ ಎಕರೆ ಬಿಟ್ಟುಕೊಡಬೇಕಾಯಿತು. ಆದರೆ ಉಳಿದ ನೆಲವನ್ನ ಒಬ್ಬೊಬ್ಬರ ಹೆಸರಿಗೆ ಬರೆಯೋಕೆ ಬಿಡಲಿಲ್ಲ, ಇಡೀ ಬುಡಕಟ್ಟಿನ ಹೆಸರಲ್ಲೇ ಇಟ್ಟುಕೊಂಡರು. ಇವತ್ತಿಗೂ ಅದರ ಬಹುಪಾಲು ಅವರ ಕೈಯಲ್ಲೇ ಇದೆ. ವೈಟ್ ಅರ್ತ್‌ನಲ್ಲಿ ತುಂಡು ತುಂಡಾಗಿ ಹಂಚಿದ ನೆಲದಲ್ಲಿ ಬಹುಪಾಲು ಸಾಲ, ತೆರಿಗೆ, ಮೋಸದ ಕ್ರಯಪತ್ರಗಳ ದಾರಿಯಲ್ಲಿ ಹೊರಗಿನವರ ಪಾಲಾಯಿತು. ಈ ಎರಡು ಊರುಗಳ ವ್ಯತ್ಯಾಸವನ್ನ ಎಲ್ಲ ಸರ್ವೆಯರ್‌ಗಳೂ ತಿಳಿದುಕೊಳ್ಳಬೇಕು ಅಂತ ನನ್ನ ಆಸೆ. ಮರದ ವ್ಯವಹಾರದ ಅನ್ಯಾಯವೂ ಸೇರಿ 1898ರ ಅಕ್ಟೋಬರ್‌ನಲ್ಲಿ ಲೀಚ್ ಲೇಕ್‌ನ ಶುಗರ್ ಪಾಯಿಂಟ್‌ನಲ್ಲಿ ಒಜಿಬ್ವೆಯವರಿಗೂ ಅಮೆರಿಕದ ಸೇನೆಗೂ ನಡುವೆ ಗುಂಡು ಹಾರಿತು, ಆರು ಸೈನಿಕರು ಸತ್ತರು.

ನೆಲ್ಸನ್ ಲಂಚ ತಿಂದವನಲ್ಲ, ಅದು ನನ್ನ ಬೇಸರವನ್ನ ಇನ್ನೂ ಹೆಚ್ಚಿಸುತ್ತೆ. ಗೋಧಿ ತೂಕದಲ್ಲಿ ರೈತರಿಗೆ ಮೋಸ ಆಗಬಾರದು ಅಂತ ಗವರ್ನರ್ ಆಗಿದ್ದಾಗ ಹಳ್ಳಿ ಕಣಜಗಳಿಗೆ ಪರವಾನಗಿ, ತಪಾಸಣೆ ತಂದ. 1894ರ ಸೆಪ್ಟೆಂಬರ್ 1ರಂದು ಹಿಂಕ್ಲಿ ಕಾಡ್ಗಿಚ್ಚಿನಲ್ಲಿ 400ಕ್ಕೂ ಹೆಚ್ಚು ಜನ ಸತ್ತಾಗ ಪರಿಹಾರ ಸಮಿತಿ ಮಾಡಿ ಕೆಲಸಕ್ಕೆ ಇಳಿಸಿದ. ಬಡ ರೈತನ 160 ಎಕರೆಯ ಬೆಲೆ ಅವನಷ್ಟು ಬಲ್ಲವನು ಯಾರೂ ಇರಲಿಲ್ಲ. ಬೇರೆಯವರ ನೆಲ ಅಂದಾಗ ಆ ಅರಿವು ಕೆಲಸ ಮಾಡಲಿಲ್ಲ. ತನ್ನ ಜನರಿಗೆ ನೆಲ ಕೊಡಿಸೋದೇ ಅವನ ರಾಜಕೀಯವಾಗಿತ್ತು, ಆ ನೆಲ ಎಲ್ಲಿಂದ ಬರ್ತಿತ್ತು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾವೂ ಇಲ್ಲಿಗೆ ಬಂದು ಮನೆ ಕೊಂಡವರ ಪೈಕಿ ಸೇರಿದ್ದೀವಿ, ಹಾಗಾಗಿ ಇದನ್ನ ಮಕ್ಕಳಿಗೆ ಮುಚ್ಚಿಡಬಾರದು.

ಕೊಪ್ಪದಹುಡುಗಿ:

ಎಲ್ಲರಿಗೂ ತುಂಬಾ ಧನ್ಯವಾದ. ಮಗನಿಗೆ ಓದಿ ಹೇಳಿದೆ. ಬದಲಿಸಲ್ಲ ಅಂತಿದ್ದಾನೆ. ತಾಯಿಗೆ ಒಂದು ಪುಟ, ಪೋರ್ಟ್ ಹಡ್ಸನ್‌ಗೆ ಒಂದು, ಭೂ ಕಚೇರಿಗೆ ಒಂದು, ಕಾಯ್ದೆಗೆ ಎರಡು ಅಂತ ಅವನೇ ಹಂಚಿಕೊಂಡ. ಕಾಯ್ದೆಯ ಪುಟಗಳನ್ನ ಆ ಹುಡುಗಿ ಜೊತೆ ಕೂತು ಮಾಡಲಾ ಅಂತ ಕೇಳ್ತಿದ್ದಾನೆ, ಟೀಚರ್‌ಗೆ ಬರೆದಿದ್ದೀನಿ. ತಾತ, ಒಂದು ನಕ್ಷೆ ಹಾಕಬೇಕಂತೆ. ಏನೇನು ಗುರುತಿಸಬೇಕು?

ಸರ್ವೆತಾತ:

ಬಹಳ ಸಂತೋಷ. ಆದರೆ ಮೊದಲು ಆ ಹುಡುಗಿಗೆ ಇಷ್ಟ ಇದೆಯಾ ಕೇಳಿ. ಅವರ ಮನೆಯ ಕಥೆ ಹೇಳೋದು ಬಿಡೋದು ಅವರಿಗೆ ಸೇರಿದ್ದು.

ನಕ್ಷೆಗೆ ಮಿನೆಸೋಟಾದ ಹೊರಗೆರೆ ಸಾಕು. ಅಲೆಕ್ಸಾಂಡ್ರಿಯಾ, ಮೆಲ್ರೋಸ್, ಅವೆರಡರ ನಡುವೆ 1878ರ ಹಳಿ. ಮೇಲೆ ರೆಡ್ ಲೇಕ್, ಅದರ ತೆಂಕಣಕ್ಕೆ ಲೀಚ್ ಲೇಕ್, ಪಡುವಣದ ಕಡೆ ವೈಟ್ ಅರ್ತ್. ರೆಡ್ ಲೇಕ್‌ನವರು ಬಿಟ್ಟುಕೊಟ್ಟ ನೆಲಕ್ಕೆ ಒಂದು ಬಣ್ಣ, ಉಳಿಸಿಕೊಂಡದ್ದಕ್ಕೆ ಇನ್ನೊಂದು. ಮೂಲೆಯಲ್ಲಿ ಒಂದು ಟೌನ್‌ಶಿಪ್ ಚೌಕ ಬರೆದು 36 ಮನೆ ಮಾಡಿ, ಅದರಲ್ಲಿ ಒಂದು ಮನೆಯ ಕಾಲು ಭಾಗಕ್ಕೆ ಬಣ್ಣ ಹಾಕಲಿ, 160 ಎಕರೆ ಅಂದರೆ ಎಷ್ಟು ಅಂತ ಎಲ್ಲರಿಗೂ ಕಾಣುತ್ತೆ. ಅಳತೆಪಟ್ಟಿ ಹಾಕೋದು ಮರೀಬೇಡಿ, ಉತ್ತರ ದಿಕ್ಕಿನ ಬಾಣವೂ ಇರಲಿ. ಪೆನ್ಸಿಲ್‌ನಲ್ಲಿ ಬರೆದ ಮೇಲೆ ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.