ಮೃಗಶಿರಕ್ಕೆ ಮೊದಲು ಬಾನೆಟ್ ಎತ್ತಿ

"ಸರ್ವಿಸ್ ಪುಸ್ತಕದಲ್ಲಿ 10,000 ಕಿಲೋಮೀಟರಿಗೆ ಅಂತ ಬರೆದಿದೆ. ನಮ್ಮ ಕಾರು ಇನ್ನೂ 6,000 ದಾಟಿಲ್ಲ. ಈಗ ಎಂತಕ್ಕೆ ಬಾನೆಟ್ ಎತ್ತೋದು ಮಾರಾಯ್ರೆ?" ಅಂದ ಭಟ್ರು ಜಗಲಿ ಬಿಟ್ಟು ಏಳಲಿಲ್ಲ.

"ಅದರ ಪಕ್ಕದಲ್ಲೇ 'ಅಥವಾ 1 ವರ್ಷ, ಯಾವುದು ಮೊದಲೋ ಅದು' ಅಂತಾನೂ ಇರ್ತದೆ. ಅದನ್ನ ಯಾರೂ ಓದಲ್ಲ" ಅಂದ್ರು ಗೌಡ್ರು. "ತೋಟದಿಂದ ತೀರ್ಥಹಳ್ಳಿ ಪೇಟೆಗೆ ಹೋಗಿಬರೋ ಗಾಡಿಗೆ ಕಿಲೋಮೀಟರ್ ಲೆಕ್ಕ ಬರಲ್ಲ, ಮಳೆ ಲೆಕ್ಕ. ರೋಹಿಣಿ ನಡೀತಿದೆ. ಜೂನ್ 7-8ಕ್ಕೆ ಮೃಗಶಿರ ಹಿಡೀತದೆ. ಅಷ್ಟರೊಳಗೆ ಆದದ್ದೇ ಕೆಲಸ."

"ಗಾಡಿಗೂ ಪಂಚಾಂಗ ಬಂತು. ಆಯಿಲ್ ಇಳಿಸೋಕೆ ರಾಹುಕಾಲ ಬಿಟ್ಟು ಹೇಳಿ" ಅಂತ ಮೇಷ್ಟ್ರು ಎಲೆಗೆ ಸುಣ್ಣ ಹಚ್ಚಿದ್ರು.

ಬಾನೆಟ್ ಎತ್ತಿದ್ದೇ ಬ್ಯಾಟರಿಯ ಪ್ಲಸ್ ಟರ್ಮಿನಲ್ ಮೇಲೆ ನೀಲಿ-ಹಸಿರು ಪುಡಿ ಹೂ ಬಿಟ್ಟಿದ್ದು ಕಾಣ್ತು.

"ಇದೆಂತ, ಥೇಟ್ ಮೈಲುತುತ್ತದ ಹಾಗೆ ಇದೆಯಲ್ಲ!" ಅಂದ್ರು ಭಟ್ರು. ಈ ಸಲ ಎದ್ದೇ ಬಂದ್ರು.

"ಹಾಗೆ ಅಲ್ಲ, ಅದೇ. ಬ್ಯಾಟರಿಯ ಗಂಧಕಾಮ್ಲದ ಹಬೆ ತಾಮ್ರಕ್ಕೆ ತಾಗಿದ್ರೆ ಮೈಲುತುತ್ತವೇ ಆಗೋದು. ಬಿಳಿ ಪುಡಿಯಾದ್ರೆ ಸೀಸದ್ದು. ಅಡಿಕೆಗೆ ಹೊಡೆಯೋ ಬೋರ್ಡೋ ಮದ್ದು ಮಾಡುವಾಗ ಮೈಲುತುತ್ತದ ಹುಳಿ ಮುರಿಯೋಕೆ ಸುಣ್ಣ ಹಾಕ್ತೀರಿ, ಇಲ್ಲಿ ಅಡುಗೆ ಸೋಡಾ. ಒಂದು ಚೊಂಬು ಬಿಸಿನೀರಿಗೆ 2 ಚಮಚ. ನೊರೆ ನಿಲ್ಲೋ ತನಕ ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ, ನೀರು ಬಿಟ್ಟು, ಒರೆಸಿ, ಮೇಲೆ ವ್ಯಾಸಲಿನ್. ಮುಚ್ಚಳ ಇರೋ ಬ್ಯಾಟರಿ ಆದ್ರೆ ಸೋಡಾ ನೀರು ಒಳಗೆ ಇಳೀಬಾರದು."

"ಬೋರ್ಡೋಗೆ ಸುಣ್ಣ ಸಾಕಾಯ್ತಾ ಅಂತ ಕತ್ತಿ ಅದ್ದಿ ನೋಡ್ತೀವಲ್ಲ, ಇಲ್ಲೂ ಸೋಡಾ ಸಾಕಾಯ್ತಾ ಅಂತ ನೋಡೋಕೆ ಕತ್ತಿ ಅದ್ದಬೇಕಾ?" ಅಂದ್ರು ಭಟ್ರು.

"ಕಬ್ಬಿಣದ ಕತ್ತಿ ಬ್ಯಾಟರಿ ಹತ್ರ ತಂದ್ರೆ ದೀಪಾವಳಿನೇ! ಅದಕ್ಕೇ ಮೊದಲು ಮೈನಸ್ ಬಿಚ್ಚೋದು, 10 ನಂಬರ್ ಸ್ಪ್ಯಾನರ್. ಗಾಡಿಯ ಮೈಯೆಲ್ಲ ಮೈನಸ್ಸೇ. ಅದನ್ನ ಬಿಚ್ಚದೆ ಪ್ಲಸ್ಸಿಗೆ ಹಾಕಿದ ಸ್ಪ್ಯಾನರ್ ಬಾಡಿಗೆ ತಗುಲಿದ್ರೆ ಸ್ಪ್ಯಾನರ್ರೇ ಕೆಂಪಗೆ ಕಾಯ್ತದೆ. ಹಾಕುವಾಗ ಉಲ್ಟಾ, ಮೊದಲು ಪ್ಲಸ್, ಆಮೇಲೆ ಮೈನಸ್. ಬೆಳಿಗ್ಗೆ ಗಾಡಿ ಎಬ್ಬಿಸೋ ಮೊದಲು ಮಲ್ಟಿಮೀಟರ್ ಹಿಡೀರಿ. 12.6 ವೋಲ್ಟ್ ಇದ್ರೆ ತುಂಬಿದೆ, 12.2 ಅಂದ್ರೆ ಅರ್ಧ, 12ಕ್ಕೆ ಬಂದ್ರೆ ಪುಷ್ಯ ಮಳೇಲಿ ತಳ್ಳೋಕೆ ಆಳು ನೋಡಿಕೊಳ್ಳಿ."

ವೈಪರ್ ಕೆಳಗಿನ ಜಾಲರಿ ತುಂಬ ಹಲಸಿನ ಎಲೆ. ಅದನ್ನ ಬಾಚಿ ತೆಗೆದು ಒಂದು ತಂಬಿಗೆ ನೀರು ಹೊಯ್ದು ನೋಡ್ಬೇಕು. ಮುಂದಿನ ಚಕ್ರದ ಹತ್ರ ಇಳಿದ್ರೆ ಸರಿ. ನಿಂತರೆ ಮಳೆಗಾಲದಲ್ಲಿ ಅದೇ ನೀರು ಕಾಲಡಿ ಹಾಸಿಗೆ ಬರ್ತದೆ. "ಆಮೇಲೆ ಗಾಡಿ ಒಳಗೂ ಅಣಬೆ ಏಳ್ತದೆ, ಸಾರಿಗೆ ಆಯ್ತು" ಅಂದ್ರು ಮೇಷ್ಟ್ರು. ವೈಪರ್ ರಬ್ಬರ್ ಬದಲಿಸುವಾಗ ಗಾಜಿನ ಮೇಲೆ ದಪ್ಪ ಟವೆಲ್ ಹಾಸಿಕೊಳ್ಳಿ. ಬ್ಲೇಡಿಲ್ಲದ ಬರೀ ಕಬ್ಬಿಣದ ತೋಳು ಸ್ಪ್ರಿಂಗಿಗೆ ಪಟ್ ಅಂತ ಬಡಿದ್ರೆ 300 ರೂಪಾಯಿ ಉಳಿಸಲು ಹೋಗಿ ಗಾಜೇ ಹೋಗ್ತದೆ.

"ಆಯಿಲ್ ನಾವೇ ಹಾಕ್ಬಹುದಾ?"

"ಹಾಕ್ಬಹುದು. ಆದ್ರೆ ನಿಮ್ಮ ಅಂಗಳದಲ್ಲಿ ಒಂದು ಗಂಡಾಂತರ ಇದೆ" ಅಂತ ಗೌಡ್ರು ಮೂಲೆಯ ಜಂಬಿಟ್ಟಿಗೆ ರಾಶಿ ತೋರಿಸಿದ್ರು. "ಜಾಕಿ ಏರಿಸಿ, ಕೆಳಗೆ 2 ಜಂಬಿಟ್ಟಿಗೆ ಇಟ್ಟು ನುಗ್ಗೋದು. ಅದು ಗೋಡೆಗೆ ಕಲ್ಲು, ಗಾಡಿಗೆ ಬಿಸ್ಕತ್ತು. ಒಂದೇ ಬಿಂದುವಿನಲ್ಲಿ ಭಾರ ಬಿದ್ರೆ ಸೀಳ್ತದೆ. ಬರೀ ಜಾಕಿ ಮೇಲಿನ ಗಾಡಿ ಅಡಿಗೂ ಹೋಗ್ಬೇಡಿ. ಜಾಕ್ ಸ್ಟ್ಯಾಂಡ್ ಜೋಡಿ ತನ್ನಿ, ಮಣ್ಣಂಗಳ ಆದ್ರೆ ಅಡಿಗೆ ದಪ್ಪ ಹಲಗೆ ಹಾಕಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಒತ್ತು ಕೊಡಿ."

"ಆಮೇಲೆ?"

"ಇಂಜಿನ್ ಒಂದೈದು ನಿಮಿಷ ಓಡಿಸಿ ನಿಲ್ಸಿ. ಬೆಚ್ಚಗಿದ್ರೆ ಆಯಿಲ್ ತೆಳ್ಳಗೆ, ಕೊಳೆ ಸಮೇತ ಇಳೀತದೆ. ಡ್ರೈನ್ ಬೋಲ್ಟಿಗೆ ಹೊಸ ವಾಷರ್. ಮೊದಲ ಎರಡು ಸುತ್ತು ಬೆರಳಲ್ಲೇ ತಿರುಗಿಸಿ. ಓರೆಯಾಗಿ ಕೂತ ಬೋಲ್ಟನ್ನ ಸ್ಪ್ಯಾನರಲ್ಲಿ ಒತ್ತಿದ್ರೆ ಅಲ್ಯೂಮಿನಿಯಂ ಥ್ರೆಡ್ ಹಾಳಾಗಿ ಆಯಿಲ್ ಚೇಂಬರೇ ಬದಲಿಸೋ ಗತಿ. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಜೊತೆಗೇ ಬಂತಾ ನೋಡಿ. ಕೆಲವೊಮ್ಮೆ ಇಂಜಿನ್ನಿಗೇ ಅಂಟಿರ್ತದೆ. ಅದರ ಮೇಲೆ ಹೊಸದು ಕೂರಿಸಿದ್ರೆ ಎರಡು ರಿಂಗ್ ಆಗಿ, ಸ್ಟಾರ್ಟ್ ಮಾಡಿದ ಗಳಿಗೆಗೆ ಅಂಗಳಕ್ಕೆಲ್ಲ ಆಯಿಲ್ ಅಭಿಷೇಕ. ಹೊಸ ರಿಂಗಿಗೆ ಹೊಸ ಆಯಿಲ್ ಸವರಿ, ತಗುಲೋ ತನಕ ತಿರುಗಿಸಿ, ಆಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಸ್ಪ್ಯಾನರ್ ಬೇಡ."

"4 ಲೀಟರ್ ಡಬ್ಬ ಪೂರ್ತಿ ಸುರೀಲಾ? ಉಳಿಸಿ ಎಂತ ಮಾಡೋದು?"

"ಇದು ಪಾಯಸ ಅಲ್ಲ ಭಟ್ರೆ, ಹೆಚ್ಚು ಬಡಿಸಿದ್ರೆ ಪುಣ್ಯ ಬರೋಕೆ! ಸಣ್ಣ ಪೆಟ್ರೋಲ್ ಗಾಡಿಗೆ ಸಾಮಾನ್ಯವಾಗಿ 3ರಿಂದ 3.5 ಲೀಟರ್, ನಿಖರ ಲೆಕ್ಕ ಪುಸ್ತಕದಲ್ಲಿದೆ. ಹೆಚ್ಚಾದ್ರೆ ಕ್ರ್ಯಾಂಕ್ ಅದನ್ನ ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸ್ತದೆ. ನೊರೆ ಪಂಪಿಗೆ ಹೋದ್ರೆ ಒತ್ತಡ ನಿಲ್ಲಲ್ಲ. ಸ್ವಲ್ಪ ಕಮ್ಮಿ ಹಾಕಿ, ಒಂದು ನಿಮಿಷ ಓಡಿಸಿ, ನಿಲ್ಸಿ 5 ನಿಮಿಷ ಬಿಟ್ಟು ಆಯಿಲ್ ಅಳೆಯೋ ಕಡ್ಡಿ ನೋಡಿ. ಎರಡು ಗುರುತಿನ ನಡುವೆ, ಮೇಲಿನದಕ್ಕೆ ಹತ್ರ ನಿಂತ್ರೆ ಸಾಕು. ಹಳೇ ಆಯಿಲ್ ಹಳ್ಳಕ್ಕೆ ಹೊಯ್ಯಬೇಡಿ, ಅದೇ ನೀರು ತುಂಗೆಗೆ ಹೋಗೋದು. ಡಬ್ಬಕ್ಕೆ ತುಂಬಿ ಗ್ಯಾರೇಜಿಗೆ ಕೊಡಿ."

"ಬ್ರೇಕ್?" ಅಂದ್ರು ಮೇಷ್ಟ್ರು.

"ನೋಡೋದು ನಾವು, ಬಿಚ್ಚೋದು ಮೆಕ್ಯಾನಿಕ್ಕು. ಡಬ್ಬಿಯಲ್ಲಿ ಎಣ್ಣೆ ಇಳಿದಿದ್ರೆ ಸುಮ್ನೆ ತುಂಬಿಸ್ಬೇಡಿ. ಪ್ಯಾಡ್ ಸವೆದಿರ್ತದೆ, ಇಲ್ಲ ಎಲ್ಲೋ ಸೋರ್ತಿರ್ತದೆ. ಈ ಎಣ್ಣೆಗೆ ಗಾಳಿಯ ತೇವ ಕುಡಿಯೋ ಚಟ. ತೇವ ಕುಡಿದ ಎಣ್ಣೆ ಬೇಗ ಕುದೀತದೆ. ಆಗುಂಬೆ ಘಾಟಿಯ 14 ತಿರುವೂ ಬ್ರೇಕ್ ಒತ್ತಿಕೊಂಡೇ ಇಳಿದ್ರೆ ಒಳಗೆ ಆವಿಗುಳ್ಳೆ ಎದ್ದು ಪೆಡಲ್ ಸೀದಾ ನೆಲಕ್ಕೆ ಹೋಗ್ಬಹುದು. 2 ವರ್ಷಕ್ಕೊಮ್ಮೆ ಬದಲಿಸಿ, ಎರಡನೇ ಗೇರಲ್ಲಿ ಇಳೀರಿ. ಮತ್ತೆ, ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಸುವಾಗ ಹ್ಯಾಂಡ್‌ಬ್ರೇಕ್ ಎಳೀಬೇಡಿ, ಬ್ರೇಕ್ ಶೂ ತುಕ್ಕು ಹಿಡಿದು ಡ್ರಮ್ಮಿಗೆ ಅಂಟ್ತದೆ. ಸಮ ನೆಲದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಜಂಬಿಟ್ಟಿಗೆಗೆ ಅಲ್ಲಿ ಕೆಲಸ ಉಂಟು."

ಕೊನೆಗೆ ಉಳಿದದ್ದು ಏರ್ ಫಿಲ್ಟರ್. ನಾಲ್ಕು ಕ್ಲಿಪ್, 2 ನಿಮಿಷದ ಕೆಲಸ.

"ಇಲಿಗೆ ಅಂತ ಹೊಗೆಸೊಪ್ಪು ಕಟ್ಟಿದ್ದೀನಿ, ನುಸಿಗುಳಿಗೆನೂ ಇಟ್ಟಿದ್ದೀನಿ, ನಮ್ಮಲ್ಲಿ ಆ ಕಾಟ ಇಲ್ಲ" ಅಂದ್ರು ಭಟ್ರು.

"ಥಂಡಿಗೆ ಅದರ ವಾಸನೆ ಎಷ್ಟು ದಿನ? ಇಲಿ ಬರೋದು ಇಂಜಿನ್ ಬೆಚ್ಚಗಿರ್ತದೆ ಅಂತ. ಗಾಡಿ ನಿಲ್ಸಿ ಬಾನೆಟ್ ಎತ್ತಿ ಬಿಟ್ರೆ ಶಾಖನೂ ಬೇಗ ಹೋಗ್ತದೆ, ಕತ್ತಲೂ ಇರಲ್ಲ" ಅಂತ ಗೌಡ್ರು ಡಬ್ಬಿಯ ಮುಚ್ಚಳ ತೆಗೆದ್ರು.

ಒಳಗೆ ಫಿಲ್ಟರಿನ ಕಾಗದ ಕತ್ತರಿಸಿ ಮಾಡಿದ ಹಾಸಿಗೆ, ಅದರ ಮೇಲೆ ಸಾಲಾಗಿ ನಾಲ್ಕು ಅಡಿಕೆ.

ಮೇಷ್ಟ್ರು ಬಗ್ಗಿ ನೋಡಿದ್ರು. "ಯಾವ ದರ್ಜೆ, ಬೆಟ್ಟೆನಾ, ಗೊರಬಲಾ?"

ಭಟ್ರು ಒಂದನ್ನ ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ್ರು. "ರಾಶಿ ಇಡಿ" ಅಂದ್ರು. "ನಮ್ಮದೇ."