ದಿನನಿತ್ಯದ ಕಾದಂಬರಿ ಓದಿಗೆ ಯಾವ ಇ-ರೀಡರ್ ಸೂಕ್ತ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಕಾದಂಬರಿ ಓದುವುದು ನನ್ನ ಬಹುಕಾಲದ ರೂಢಿ. ಕೆಲಸದ ನಿಮಿತ್ತ ಪುಣೆಯಲ್ಲಿರುವುದರಿಂದ ಕನ್ನಡ ಪುಸ್ತಕಗಳು ಸುಲಭವಾಗಿ ಕೈಗೆ ಸಿಗದೆ ಮೊಬೈಲಿನಲ್ಲೇ ಓದುತ್ತಿದ್ದೇನೆ. ಅರ್ಧ ಗಂಟೆಯಾಗುವಷ್ಟರಲ್ಲಿ ಕಣ್ಣು ಉರಿಯತೊಡಗುತ್ತದೆ. ನನ್ನ ಓದಿನಲ್ಲಿ ಮುಕ್ಕಾಲು ಪಾಲು ಕನ್ನಡವೇ. ಹಳೆಯ ಕಾದಂಬರಿಗಳ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳೂ ಸಾಕಷ್ಟಿವೆ. ಅಮೆಜಾನ್‌ನವರ ಇ-ರೀಡರ್ (ಇ-ಪುಸ್ತಕ ಓದಲೆಂದೇ ಇರುವ ಸಾಧನ) ಆದ ಕಿಂಡಲ್ ಪೇಪರ್‌ವೈಟ್ ಕೊಳ್ಳುವ ಆಲೋಚನೆಯಿದೆ. ಇದು ಸರಿಯಾದ ಆಯ್ಕೆಯೇ?

ಉತ್ತರ 1:
ಇಂಗ್ಲಿಷ್ ಓದಿಗಾದರೆ ನಿಸ್ಸಂಕೋಚವಾಗಿ ಕೊಳ್ಳಿ ಎನ್ನುತ್ತಿದ್ದೆ. ಅದರ ಇ-ಇಂಕ್ ಪರದೆಯಲ್ಲಿ ಕಪ್ಪು ಬಿಳಿ ಕಣಗಳೇ ಸರಿದು ಅಕ್ಷರ ಮೂಡಿಸುವುದರಿಂದ ಅದು ಕಾಗದದಂತೆ ಹೊರಗಿನ ಬೆಳಕಿನಲ್ಲೇ ಕಾಣುತ್ತದೆ. ಪುಟ ತಿರುವಿದಾಗ ಮಾತ್ರ ಪರದೆಗೆ ವಿದ್ಯುತ್ ಬೇಕಾಗುವುದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುತ್ತದೆ. ಆದರೆ ತಮಗೆ ಬೇಕಾದ ಕನ್ನಡ ಪುಸ್ತಕಗಳು ಎಲ್ಲಿ ದೊರೆಯುತ್ತವೆ ಎಂಬುದನ್ನು ಮೊದಲು ನೋಡಿ, ಸಾಧನವನ್ನು ಆಮೇಲೆ ಆರಿಸಿ. 2016ರಲ್ಲಿ ಕಿಂಡಲ್‌ನ ಇ-ಪುಸ್ತಕ ಅಂಗಡಿಗೆ ಭಾರತೀಯ ಭಾಷೆಗಳು ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗಳಿಗೆ ಸ್ಥಾನ ಸಿಕ್ಕಿತು, ಕನ್ನಡಕ್ಕೆ ಸಿಗಲಿಲ್ಲ. ಇದು ನನಗೆ ಇಂದಿಗೂ ನೋವಿನ ಸಂಗತಿ. ಕನ್ನಡದ ಇ-ಪುಸ್ತಕಗಳನ್ನು ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್‌ನಂತಹ ಆ್ಯಪ್‌ಗಳಲ್ಲಿ ಹುಡುಕಬೇಕಾಗುತ್ತದೆ, ಮತ್ತು ಆ ಆ್ಯಪ್‌ಗಳನ್ನು ಕಿಂಡಲ್‌ನಲ್ಲಿ ಹಾಕಿಕೊಳ್ಳಲು ಬರುವುದಿಲ್ಲ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಇದೇ ಕಾರಣಕ್ಕೆ ನಾನು ಆಂಡ್ರಾಯ್ಡ್ ಇರುವ, ಹಾಗಾಗಿ ಆ ಆ್ಯಪ್‌ಗಳನ್ನು ಹಾಕಿಕೊಳ್ಳಬಹುದಾದ 7 ಇಂಚಿನ ಓನಿಕ್ಸ್ ಬೂಕ್ಸ್ ಎಂಬ ಇ-ರೀಡರ್ ಬಳಸುತ್ತಿದ್ದೇನೆ. ಕಿಂಡಲ್‌ನಷ್ಟು ದಿನ ಬ್ಯಾಟರಿ ಬಾರದು, ಆದರೆ ನನ್ನ ಕನ್ನಡ ಪುಸ್ತಕಗಳೆಲ್ಲ ಒಂದೇ ಕಡೆ ಇವೆ. ಯಾವ ಸಾಧನವನ್ನೇ ಆರಿಸಿದರೂ ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಕರ್ತೃ’ ಮುಂತಾದ ಪದಗಳಿರುವ ಒಂದು ಕಡತವನ್ನು ಅದರಲ್ಲಿ ತೆರೆದು ನೋಡಿ. ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗಿ ಕಂಡರೆ ಅದನ್ನು ಕೊಳ್ಳಬೇಡಿ. ಸಾಲುಗಳ ನಡುವಿನ ಅಂತರವನ್ನು ಹಿಗ್ಗಿಸಲು ಬರುತ್ತದೆಯೇ ಎಂಬುದನ್ನೂ ಗಮನಿಸಿ. ಇಂಗ್ಲಿಷಿಗೆ ಸಾಲುವ ಅಂತರದಲ್ಲಿ ನಮ್ಮ ಒತ್ತುಗಳು ಕೆಳಗಿನ ಸಾಲಿನ ತಲಕಟ್ಟು, ಗುಡಿಸುಗಳಿಗೆ ತಾಗಿ ಓದು ತೊಡಕಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಕನ್ನಡವನ್ನು ಬಿಟ್ಟು ಯೋಚಿಸಲಾರೆ, ಆದ್ದರಿಂದ ಆಂಡ್ರಾಯ್ಡ್ ಇರುವುದನ್ನೇ ನೋಡುತ್ತೇನೆ. ಪಿಡಿಎಫ್‌ಗಳಿಗೆ 6 ಇಂಚು ಸಾಕಾದೀತೇ?

ಉತ್ತರ 3:
ಸಾಲದು. ನಮ್ಮ ಕಾದಂಬರಿಗಳು ಹೆಚ್ಚಾಗಿ ಅಚ್ಚಾಗುವ ಡೆಮಿ 1/8 ಆಕಾರದ ಪುಟ ಸುಮಾರು ಐದೂವರೆ ಇಂಚು ಅಗಲವಿರುತ್ತದೆ, ಮೂಲೆಯಿಂದ ಮೂಲೆಗೆ 6 ಇಂಚಿರುವ ಪರದೆಯ ಅಗಲವಾದರೋ ಮೂರೂವರೆ ಇಂಚಿನ ಆಸುಪಾಸು. ಸ್ಕ್ಯಾನ್ ಮಾಡಿದ ಪುಟವೆಂದರೆ ಒಂದು ಚಿತ್ರ. ಅದರಲ್ಲಿ ಅಕ್ಷರಗಳನ್ನು ಮಾತ್ರ ದೊಡ್ಡದು ಮಾಡಲಾಗದು. 7 ಇಂಚಿನಲ್ಲಿ ಪುಟದ ನಾಲ್ಕೂ ಅಂಚುಗಳನ್ನು ಕತ್ತರಿಸಿಕೊಂಡು, ಸಾಧನವನ್ನು ಅಡ್ಡಲಾಗಿ ಹಿಡಿದು ಅರ್ಧರ್ಧ ಪುಟವಾಗಿ ಓದಬಹುದು, ನಾನು ಹಾಗೆಯೇ ಓದುತ್ತಿದ್ದೇನೆ. ಓದಿನಲ್ಲಿ ಪಿಡಿಎಫ್‌ಗಳ ಪಾಲೇ ಹೆಚ್ಚೆಂದಾದರೆ 10 ಇಂಚಿನದೇ ಬೇಕು. ಆದರೆ ಮಲಗಿ ಓದುವ ಅಭ್ಯಾಸವಿದ್ದರೆ ಅದು ಕೈಗೆ ಭಾರವಾಗುತ್ತದೆ.