ನೆರಳಿನ ಹಿತ್ತಲು, ಎರಡೂವರೆ ಗಂಟೆ ಬಿಸಿಲು: ಪಾಟಿನಲ್ಲಿ ಯಾವ ತರಕಾರಿ ಬರುತ್ತದೆ?

ಹಿತ್ತಲಗಿಡ:
ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನಲ್ಲಿ 30×40 ಸೈಟಿನ ಬಾಡಿಗೆ ಮನೆ. ಕೆಳಗೆ ನಾವು, ಮೇಲೆ ಓನರ್. ತಾರಸಿಯಲ್ಲಿ ಗಿಡ ಇಡಲು ಅವರು ಒಪ್ಪುವುದಿಲ್ಲ, ಮೋಲ್ಡ್ ಸೋರುತ್ತದೆ ಅನ್ನುವ ಭಯ. ಹಾಗಾಗಿ ಉಳಿದಿರುವುದು ಹಿಂದಿನ ಹಿತ್ತಲು ಮಾತ್ರ, ಆರು ಅಡಿ ಅಗಲ, ಪೂರ್ತಿ ಸಿಮೆಂಟ್ ನೆಲ. ಮನೆ ದಕ್ಷಿಣಕ್ಕೆ ಮುಖ ಮಾಡಿದೆ, ಹಿತ್ತಲು ಉತ್ತರಕ್ಕೆ. ಎಡಕ್ಕೂ ಬಲಕ್ಕೂ ಮೂರು ಮಹಡಿ ಮನೆಗಳು, ಹಿಂದೆ ಕಾಂಪೌಂಡ್ ಗೋಡೆ ಮತ್ತು ಖಾಲಿ ಸೈಟು. ಈಗ ಮೇ ತಿಂಗಳಲ್ಲಿ ಹನ್ನೊಂದರಿಂದ ಒಂದೂವರೆ ತನಕ ಚೆನ್ನಾಗಿ ಬಿಸಿಲು ಬೀಳುತ್ತಿದೆ, ಆದರೆ ಚಳಿಗಾಲದಲ್ಲಿ ಒಂದು ಚೂರೂ ಇರಲಿಲ್ಲ, ಬಟ್ಟೆ ಕೂಡ ಒಣಗುತ್ತಿರಲಿಲ್ಲ.

ಟೊಮೆಟೊ, ಬದನೆ ಹಾಕಿದ್ದೇನೆ. ಟೊಮೆಟೊ ನನ್ನ ಎದೆ ಮಟ್ಟಕ್ಕೆ ಬಂದಿದೆ. ಕಾಂಡ ತೀರಾ ಸಣ್ಣ, ಒಂದು ಎಲೆಗೂ ಇನ್ನೊಂದಕ್ಕೂ ನಡುವೆ ಅರ್ಧ ಗೇಣು ಖಾಲಿ. ಹೂವು ಬಿಡುತ್ತದೆ, ಆಮೇಲೆ ತೊಟ್ಟು ಹಳದಿಯಾಗಿ ಉದುರುತ್ತದೆ. ನರ್ಸರಿಯಲ್ಲಿ ಕೇಳಿದರೆ ಗೊಬ್ಬರ ಜಾಸ್ತಿ ಹಾಕಿ ಅಂದರು. ಹಾಕಿದ ಮೇಲೆ ಎಲೆ ಇನ್ನೂ ದೊಡ್ಡದಾಯಿತು, ಕಾಯಿ ಮಾತ್ರ ಇಲ್ಲ. ವಾರಕ್ಕೆ ಎರಡು ದಿನದ ಅಡುಗೆಗಾದರೂ ಮನೆಯದೇ ತರಕಾರಿ ಇರಬೇಕೆಂದು ತುಂಬ ಆಸೆ. ಈ ಜಾಗದಲ್ಲಿ ಸಾಧ್ಯವಾ? ತಿಳಿದವರು ಹೇಳಿ.

ಬಿಸಿಲುಗೋಲು:
ಗೊಬ್ಬರದ ಸಮಸ್ಯೆ ಅಲ್ಲ ಇದು, ಬಿಸಿಲಿನದು. ಟೊಮೆಟೊ, ಬದನೆ, ಬೆಂಡೆ, ದೊಣ್ಣೆ ಮೆಣಸಿನಕಾಯಿ ಇವಕ್ಕೆಲ್ಲ ದಿನಕ್ಕೆ ಕಡಿಮೆ ಅಂದರೂ ಆರು ಗಂಟೆ ನೇರ ಬಿಸಿಲು ಬೇಕು. ಎಲೆ ಬಿಸಿಲಿನಲ್ಲಿ ಮಾಡಿದ ಸಕ್ಕರೆಯಿಂದಲೇ ಕಾಯಿ ಕಟ್ಟುವುದು ಅಲ್ವಾ, ಅದು ಸಾಲದಿದ್ದಾಗ ಗಿಡ ಮೊದಲು ಹೂವನ್ನು ಬಿಟ್ಟುಕೊಡುತ್ತದೆ. ಮೇಲೆ ಸಾರಜನಕದ ಗೊಬ್ಬರ ಸುರಿದರೆ ಬರೀ ಸೊಪ್ಪು ಬೆಳೆಯುತ್ತದೆ. ದಯವಿಟ್ಟು ನಿಲ್ಲಿಸಿ.

ಬಿಸಿಲು ಯಾಕೆ ಹೀಗೆ ಬಂದು ಹೋಗುತ್ತದೆ ಅನ್ನುವುದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಬೆಂಗಳೂರಿನಲ್ಲಿ ಏಪ್ರಿಲ್ 24-25ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಶೂನ್ಯ ನೆರಳಿನ ದಿನ ಎಂದು ಪೇಪರಿನಲ್ಲಿ ಬರುತ್ತದಲ್ಲ, ಅದೇ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ, ಅದಕ್ಕೇ ನಿಮ್ಮ ಉತ್ತರದ ಹಿತ್ತಲಿಗೆ ಈಗ ಬಿಸಿಲು. ಸೆಪ್ಟೆಂಬರ್ 22-23ರ ಸುಮಾರಿಗೆ ಮನೆಯ 20 ಅಡಿ ಎತ್ತರದ ಗೋಡೆ ಮಧ್ಯಾಹ್ನ ಸುಮಾರು ನಾಲ್ಕೂವರೆ ಅಡಿ ನೆರಳು ಚೆಲ್ಲುತ್ತದೆ, ಡಿಸೆಂಬರಿನಲ್ಲಿ ಸುಮಾರು 15 ಅಡಿ. ನಿಮ್ಮದು ಆರೇ ಅಡಿ. ಜೂನ್‌ನಿಂದ ಮೋಡ ಬೇರೆ. ಹಾಗಾಗಿ ಈ ಎರಡೂವರೆ ಗಂಟೆಯನ್ನು ವರ್ಷವಿಡೀ ನಂಬಬೇಡಿ.

ಪಾಟುಗಳನ್ನೆಲ್ಲ ಮನೆ ಗೋಡೆಯಿಂದ ಎಳೆದು ಕಾಂಪೌಂಡ್ ಕಡೆಗೆ ಇಡಿ, ಅಕ್ಟೋಬರ್ ಶುರುವಿನವರೆಗೂ ಅಲ್ಲಿ ಒಂದಿಷ್ಟು ಬಿಸಿಲು ಸಿಗುತ್ತದೆ. ಎರಡು ಇಟ್ಟಿಗೆ ಮೇಲೆ ಎತ್ತರಿಸಿದರೆ ಇನ್ನೂ ಕೆಲವು ದಿನ. ಓನರ್ ಒಪ್ಪಿದರೆ ಆ ಗೋಡೆಗಳಿಗೆ ಬಿಳಿ ಸುಣ್ಣ ಹೊಡೆಸಿ, ಖರ್ಚು ಕಡಿಮೆ, ಬೆಳಕು ನಿಜವಾಗಿಯೂ ಜಾಸ್ತಿಯಾಗುತ್ತದೆ.

ಶಿರಸಿ_ಸೀಮೆ:
ತಂಗಿ, ಬೇಜಾರು ಮಾಡಿಕೊಳ್ಳಬೇಡ. ನಮ್ಮ ಕಡೆ ಅಡಿಕೆ ತೋಟದ ನೆರಳಿನಲ್ಲಿ, ಬಚ್ಚಲ ನೀರು ಹರಿಯುವ ಜಾಗದಲ್ಲಿ ಬೆಳೆಯುವುದನ್ನೇ ಎಷ್ಟೋ ದಿನದ ಅಡುಗೆಗೆ ಬಳಸುತ್ತೇವೆ. ಟೊಮೆಟೊವನ್ನು ಅಂಗಡಿಯಿಂದ ತಾ. ಹಿತ್ತಲಿಗೆ ನೆರಳಿನ ಗಿಡಗಳನ್ನೇ ಹಾಕು.

ಮೊದಲು ಒಂದೆಲಗ. ಆಳದ ಪಾಟ್ ಬೇಡ, ಅಗಲದ ಹಳೇ ಟಬ್ ಸಾಕು. ಒಂದು ಬೇರು ಬಂದ ಬಳ್ಳಿ ತುಂಡು ನೆಟ್ಟು ಮಣ್ಣು ಒದ್ದೆಯಾಗಿಟ್ಟರೆ ತಾನೇ ಹಬ್ಬುತ್ತದೆ, ಗಂಟು ಗಂಟಿಗೂ ಬೇರು ಬಿಡುತ್ತದೆ. ಎಲೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಹಾಕಿ ರುಬ್ಬಿ ಮಜ್ಜಿಗೆ ಸೇರಿಸಿದರೆ ತಂಬುಳಿ. ದೊಡ್ಡಪತ್ರೆಯೂ ಹಾಗೆಯೇ, ಆದರೆ ಅದಕ್ಕೆ ನೀರು ಕಮ್ಮಿ, ಜಾಸ್ತಿ ಆದರೆ ಬುಡ ಕೊಳೆಯುತ್ತದೆ. ಪುದೀನ ನಿಮ್ಮಲ್ಲಿ ಚೆನ್ನಾಗಿ ಬರುತ್ತದೆ. ಮಾರ್ಕೆಟಿನಿಂದ ತಂದ ಕಟ್ಟಿನಲ್ಲಿ ದಪ್ಪ ಕಡ್ಡಿಗಳನ್ನು ಆರಿಸಿ ನೀರಿನಲ್ಲಿ ಇಡು, ಬೇರು ಬಂದ ಮೇಲೆ ನೆಡು.

ಕೆಸು ಮರೆಯಬೇಡ. ಗಡ್ಡೆ ಒಂದು ಬಕೆಟಿಗೆ ಒಂದು ಹಾಕಿದರೆ ಮಳೆಗಾಲಕ್ಕೆ ಪತ್ರೊಡೆಗೆ ಎಲೆ ಸಿಗುತ್ತದೆ. ಗಡ್ಡೆ ತರುವಾಗ ತಿನ್ನುವ ಜಾತಿಯೇ ಅಂತ ಖಾತ್ರಿ ಮಾಡಿಕೋ, ಚೆಂದಕ್ಕೆ ಬೆಳೆಸುವ ಕೆಸುವಿನಂಥ ಗಿಡಗಳನ್ನು ತಿನ್ನಬಾರದು. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕು, ಇಲ್ಲದಿದ್ದರೆ ಗಂಟಲು ಕೆರೆಯುತ್ತದೆ. ಅರಿಶಿನ, ಶುಂಠಿಯನ್ನು ಈಗಲೇ ಮೇ ತಿಂಗಳಲ್ಲೇ ಹೂತುಬಿಡು, ಅರ್ಧ ನೆರಳಿನಲ್ಲಿ ಬರುತ್ತವೆ. ಅರಿಶಿನದ ಎಲೆ ಕಡುಬಿಗೆ ಆಗುತ್ತದೆ.

ಚಕ್ರಮುನಿ ಸೊಪ್ಪಿನ ಕಡ್ಡಿ ಸಿಕ್ಕರೆ ಬಿಡಬೇಡ, ನೆಟ್ಟರೆ ವರ್ಷಗಟ್ಟಲೆ ಕೊಯ್ಯಬಹುದು. ಒಂದು ಮಾತು: ಇದನ್ನು ಹಸಿಯಾಗಿ ರುಬ್ಬಿ ರಸ ಕುಡಿಯಬಾರದು. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಹಾಗೆ ಕುಡಿದವರಿಗೆ ಶ್ವಾಸಕೋಶವೇ ಹಾಳಾಗಿತ್ತು. ಸಾರು, ಪಲ್ಯಕ್ಕೆ ಹಿಡಿಯಷ್ಟು ಬೇಯಿಸಿ ತಿಂದರೆ ಸಾಕು.

ಪೇಂಟ್‌ಬಕೆಟ್:
ಮೇಲಿನವರು ಹೇಳಿದ್ದು ಸರಿ, ಆದರೆ ದಿನದ ಸೊಪ್ಪುಗಳನ್ನೂ ಬಿಡಬೇಡಿ. ಪಾಲಕ್, ಮೆಂತ್ಯ, ಕೊತ್ತಂಬರಿ ಮೂರಕ್ಕೂ ಈಗಿರುವ ಎರಡೂವರೆ ಗಂಟೆ ಬಿಸಿಲು ಸಾಕು. ಬಯಲಲ್ಲಿ ಬೆಳೆದಷ್ಟು ದಪ್ಪ ಬರುವುದಿಲ್ಲ, ಒಂದು ವಾರ ತಡವಾಗಬಹುದು. ಕೊತ್ತಂಬರಿ ಬೇಸಿಗೆ ಬಿಸಿಲಿಗೆ ಬೇಗ ಹೂವಿಗೆ ಹೋಗುತ್ತದೆ, ಅದಕ್ಕಂತೂ ನಿಮ್ಮ ಹಿತ್ತಲೇ ಒಳ್ಳೆಯದು. ಬೀಜವನ್ನು ಚಪ್ಪಲಿಯ ಕೆಳಗೆ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ ಬಿತ್ತಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನುಪಮಾ ಪಾಲಕ್, ಅರ್ಕಾ ಸುಗುಣ ದಂಟು ಎರಡೂ ಮತ್ತೆ ಮತ್ತೆ ಕೊಯ್ಯಲು ಬರುವ ತಳಿಗಳು. ದಂಟಿಗೆ ಮಾತ್ರ ಕಾಂಪೌಂಡಿನ ಬಿಸಿಲ ಜಾಗ ಕೊಡಿ.

ನೆರಳಿನಲ್ಲಿ ಗಿಡ ಸಾಯುವುದು ಹೆಚ್ಚಾಗಿ ನೀರಿನಿಂದಲೇ. ತಾರಸಿ ತೋಟದವರು ಹೇಳುವ ಹಾಗೆ ಅರ್ಧಕ್ಕರ್ಧ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕಬೇಡಿ, ಅದು ನೀರು ಹಿಡಿದಿಟ್ಟುಕೊಂಡು ನೆರಳಿನಲ್ಲಿ ಆರುವುದೇ ಇಲ್ಲ. ನಾನು ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು, ಒಂದು ಹಿಡಿ ಬೇವಿನ ಹಿಂಡಿ ಹಾಕುತ್ತೇನೆ. 20 ಲೀಟರ್ ಪೇಂಟ್ ಬಕೆಟಿಗೆ ತಳದಲ್ಲಿ ಮಾತ್ರವಲ್ಲ, ಪಕ್ಕದಲ್ಲೂ ಒಂದಿಂಚು ಮೇಲೆ ತೂತು ಹಾಕಿ. ಸಿಮೆಂಟ್ ನೆಲಕ್ಕೆ ಅಂಟಿ ಕೂತರೆ ತಳದ ತೂತು ಕಟ್ಟಿಕೊಳ್ಳುತ್ತದೆ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ, ಅಲ್ಲಿ ತಂಪಿದ್ದರೆ ಆ ದಿನ ನೀರು ಬೇಡ. ಒಂದೆಲಗ, ಕೆಸು ಎರಡಕ್ಕೆ ಈ ಲೆಕ್ಕ ಇಲ್ಲ. ಪಾಟಿನ ಕೆಳಗೆ ತಟ್ಟೆ ಇಡಬೇಡಿ, ನಿಂತ ನೀರಿನಲ್ಲಿ ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುತ್ತದೆ.

ಖಾರ ಬೇಕಿದ್ದರೆ ಸೂಜಿಮೆಣಸು ನೋಡಿ. ಉಳಿದ ಮೆಣಸಿಗಿಂತ ನೆರಳು ತಡೆಯುತ್ತದೆ.

ಹಿತ್ತಲಗಿಡ:
ಎಲ್ಲರಿಗೂ ತುಂಬಾ ಧನ್ಯವಾದ. ಪಾಟ್ ಇವತ್ತೇ ಕಾಂಪೌಂಡ್ ಕಡೆ ಸರಿಸಿದೆ. ಕಾಯಿ ಅಂತ ಯಾವುದೂ ಬರುವುದೇ ಇಲ್ಲವಾ? ಇನ್ನೊಂದು, ಮಳೆ ಬಂದ ರಾತ್ರಿ ಖಾಲಿ ಸೈಟಿನಿಂದ ದೊಡ್ಡ ದೊಡ್ಡ ಬಸವನಹುಳು ಬರುತ್ತವೆ, ಪಾಲಕ್ ಬಿತ್ತಿದರೆ ಉಳಿಯುತ್ತದಾ ಅನ್ನುವುದೇ ಚಿಂತೆ.

ಬಿಸಿಲುಗೋಲು:
ಬಳ್ಳಿಗೆ ಬೇರು ನೆರಳಿನಲ್ಲಿದ್ದರೂ ನಡೆಯುತ್ತದೆ, ತಲೆ ಬಿಸಿಲಿನಲ್ಲಿದ್ದರೆ ಸಾಕು. ದೊಡ್ಡ ಬಕೆಟಿನಲ್ಲಿ ತೊಂಡೆ ಕಡ್ಡಿ ನೆಟ್ಟು ಕಾಂಪೌಂಡ್ ಮೇಲಿನವರೆಗೆ ಹಗ್ಗ ಕಟ್ಟಿ, ಅಲ್ಲಿಂದ ಮೇಲಿನ ಸಜ್ಜೆಯ ಕಡೆಗೆ ಹಬ್ಬಿಸಿ. ಓನರ್ ಹತ್ತಿರ ಮೊದಲೇ ಕೇಳಿ, ಕಾಯಲ್ಲಿ ಅವರಿಗೂ ಪಾಲು ಕೊಡಿ. ಬಸಳೆಯನ್ನೂ ಹಾಗೆ ಹತ್ತಿಸಬಹುದು.

ಶಿರಸಿ_ಸೀಮೆ:
ಅವು ಆಫ್ರಿಕನ್ ಬಸವನಹುಳು ಇರಬೇಕು. ಉಪ್ಪು ಸುರಿಯಬೇಡ, ಮಣ್ಣು ಕೆಡುತ್ತದೆ. ಸಂಜೆ ಒಂದು ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯ ಎಲೆ, ಕೋಸಿನ ಎಲೆ ಹಾಕಿಡು, ಬೆಳಗಾಗುವಷ್ಟರಲ್ಲಿ ಅಲ್ಲಿ ಸೇರಿರುತ್ತವೆ. ಗ್ಲೌಸ್ ಹಾಕಿಕೊಂಡೇ ಆರಿಸು, ಅವುಗಳಲ್ಲಿ ಮನುಷ್ಯರಿಗೆ ರೋಗ ತರುವ ಹುಳ ಇರಬಹುದು. ಆರಿಸಿದ್ದನ್ನು ಗಟ್ಟಿ ಉಪ್ಪುನೀರಿನ ಬಕೆಟಿಗೆ ಹಾಕಿ, ಆ ನೀರನ್ನು ಗಿಡದಿಂದ ದೂರ ಚೆಲ್ಲು. ಮಳೆಗಾಲದಲ್ಲಿ ಸೊಪ್ಪನ್ನು ಎಲೆ ಎಲೆ ಬಿಡಿಸಿ ತೊಳೆದು ಬೇಯಿಸಿಯೇ ತಿನ್ನಿ. ಪಾಲಕ್ ಬಿತ್ತುವ ಮೊದಲು ನಾಲ್ಕು ದಿನ ಈ ಕೆಲಸ ಮಾಡು, ಸಸಿ ಎಳೆಯದಾಗಿದ್ದಾಗಲೇ ಅವು ಹೆಚ್ಚು ತಿನ್ನುವುದು.